ಅತ್ತೆಗೂ ಒಂದು ಬಟ್ಟಲು

ಆಗಿನ್ನೂ ಆಸ್ಟ್ರೇಲಿಯಾದ ಟ್ರುಗನಿನಾ ಬಡಾವಣೆಯ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಸೈಟು ಖಾಲಿ ಬಿದ್ದಿದ್ದವು. ದೀಪಾವಳಿಯ ಎಣ್ಣೆ ವಾಸನೆ ಮನೆಯಿಂದ ಹೋಗುವ ಮೊದಲೇ ಅಮ್ಮ ಡಿಸೆಂಬರ್ ರಜೆಯ ಬಜೆಟ್ಟಿಗೆ ಕೂರುತ್ತಿದ್ದಳು. ಡೈನಿಂಗ್ ಟೇಬಲ್ ಮೇಲೆ ಸ್ಟೀಲ್ ಬಟ್ಟಲುಗಳು, ಮಧ್ಯೆ ಒಂದು ರಾಶಿ ಹುಣಸೆಬೀಜ. ಒಂದು ಬೀಜ ಅಂದರೆ ಇಪ್ಪತ್ತು ಡಾಲರ್. ಸಿಡ್ನಿ ಪ್ರಯಾಣದ ಪೆಟ್ರೋಲಿಗೊಂದು ಬಟ್ಟಲು, ಗಿಫ್ಟಿಗೊಂದು, ನಮ್ಮ ವಾಟರ್ ಪಾರ್ಕಿಗೊಂದು. ಬೀಜ ಹಂಚುವವರು ನಾನು, ನನ್ನ ತಮ್ಮ. ವಾಟರ್ ಪಾರ್ಕಿಗೆ ಕಡಿಮೆ ಬಿದ್ದರೆ ಎಲ್ಲಿಂದ ತೆಗೆಯೋದು ಅಂತ ನಾವೇ ಜಗಳವಾಡಿ ತೀರ್ಮಾನಿಸಬೇಕು. ಕೊನೆಗೆ ಅಮ್ಮ ನನ್ನತ್ತ ತಿರುಗಿ, “ನೀನೇನಂತೀಯೇ?” ಅನ್ನುತ್ತಿದ್ದಳು. ಅಪ್ಪನೂ ಕೈಕಟ್ಟಿ ಕೂತು ನಮ್ಮ ಮಾತು ಕೇಳುತ್ತಿದ್ದ. ಹತ್ತು ವರ್ಷದ ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ಆ ವರ್ಷ ಸಿಡ್ನಿಯಿಂದ ಅಪ್ಪನ ಅಕ್ಕ ಬಂದಿದ್ದರು. ಬಟ್ಟಲುಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಆಸ್ಟ್ರೇಲಿಯಾಕ್ಕೆ ಬಂದೂ ಈ ಭಿಕಾರಿ ಬುದ್ಧಿ ಬಿಡಲಿಲ್ವಲ್ಲೇ ನೀನು,” ಅಂದರು ಅಮ್ಮನಿಗೆ.

ಅಷ್ಟಕ್ಕೇ ಬಿಟ್ಟರಾ? ಮಾರನೇ ದಿನ ಬಾಕ್ಸ್ ಹಿಲ್‌ನ ಸ್ನೇಹಿತರ ಮನೆ ಊಟದಲ್ಲಿ, ಅಮ್ಮ ಬೀಜ ಎಣಿಸುವುದನ್ನು ಎಲ್ಲರ ಮುಂದೆ ನಟಿಸಿ ತೋರಿಸಿದರು. ಅಮ್ಮ ತಟ್ಟೆ ನೋಡುತ್ತಾ ಮೊಸರನ್ನ ಕಲಸಿದ್ದೇ ಕಲಸಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಇರು, ಮಾಡ್ತೀನಿ ನಿನಗೆ, ಅಂದುಕೊಂಡೆ.

ದಾರಿ ಅತ್ತೆಯೇ ತೋರಿಸಿದರು. ಸಿಡ್ನಿಗೆ ಹೊರಡುವ ಮುಂಚೆ ಗರಾಜಿನಲ್ಲಿ ಅಪ್ಪನ ಹತ್ತಿರ ಮೆಲ್ಲಗೆ, “ಬಾಲಿ ಟ್ರಿಪ್ ಬುಕ್ ಮಾಡಿಬಿಟ್ಟಿದ್ದೀವಿ ಕಣೋ, ಕಾರ್ಡ್ ಫುಲ್ಲಾಗಿದೆ. ಸ್ವಲ್ಪ ದುಡ್ಡು ಹಾಕ್ತೀಯಾ? ನಿನ್ನ ಹೆಂಡ್ತಿಗೆ ಹೇಳ್ಬೇಡ,” ಅಂದರು. ಕಾರಿನ ಆಚೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ನಾನು ಅವರ ಕಣ್ಣಿಗೆ ಬೀಳಲಿಲ್ಲ.

ಕ್ರಿಸ್ಮಸ್ ರಜೆಗೆ ಸಿಡ್ನಿಗೆ ಹೋದೆವು. ಅತ್ತೆಯ ಮನೆ ತುಂಬ ನೆಂಟರು, ಅಂಗಳದಲ್ಲಿ ಪನೀರ್ ಸುಡುವ ಘಮ. ಅತ್ತೆ ಮತ್ತೆ ಅದೇ ಹುಣಸೆಬೀಜದ ಕಥೆ ಶುರುಮಾಡಿದರು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಾನು, ಕೂತಿದ್ದ ಅಜ್ಜಿಯರಿಗೂ ತಿಳಿಯಲಿ ಅಂತ ಕನ್ನಡದಲ್ಲೇ ಹೇಳಿದೆ.

“ಅತ್ತೆ, ಈ ಸಲ ನಿಮಗೂ ಒಂದು ಬಟ್ಟಲು ಇಟ್ಟಿದ್ದೀವಿ. ಬಾಲಿಗೆ ಅಂತ ಅಪ್ಪನ ಹತ್ರ ದುಡ್ಡು ಕೇಳಿದ್ರಲ್ಲ, ಅದಕ್ಕೆ.”

ಅತ್ತೆ ಇಂಗು ತಿಂದ ಮಂಗನ ಹಾಗೆ ನಿಂತರು. ಆಹಾ, ಆ ಮುಖ ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಅಮ್ಮ ಮಾತ್ರ ನನ್ನ ಕಿವಿ ಹಿಂಡಿ ಹೊರಗೆ ಎಳೆದುಕೊಂಡು ಹೋದಳು. “ಮಕ್ಕಳ ಮುಂದೆ ದುಡ್ಡಿನ ಮಾತು ಆಡಿದ್ದೇ ತಪ್ಪಾಯ್ತು,” ಅಂದಳು.

ಮುಂದಿನ ವರ್ಷ ಅವಳೂ ಅಪ್ಪನೂ ರೂಮಿನ ಬಾಗಿಲು ಹಾಕಿಕೊಂಡು ಲೆಕ್ಕ ಹಾಕಿದರು. ನಾನೂ ತಮ್ಮನೂ ಹೊರಗೆ ಟಿವಿ ನೋಡಿದೆವು. ಈಗ ಕ್ಲೇಟನ್‌ನಲ್ಲಿ ನನ್ನದೇ ಮನೆ, ನನ್ನದೇ ಮಾರ್ಟ್‌ಗೇಜ್. ರಜೆಯ ಖರ್ಚನ್ನು ಒಬ್ಬಳೇ ಫೋನಿನಲ್ಲಿ ಒತ್ತಿ ಮುಗಿಸುತ್ತೇನೆ. ಅತ್ತೆಗೆ ಮಾಡಿದ್ದಕ್ಕೆ ಎಳ್ಳಷ್ಟೂ ಬೇಜಾರಿಲ್ಲ. ಆದರೆ ಅಮ್ಮ ನನ್ನ ಮುಖ ನೋಡಿ, “ನೀನೇನಂತೀಯೇ?” ಅಂತ ಮತ್ತೆಂದೂ ಕೇಳಲಿಲ್ಲ. ಆ ಸೇಡಿನ ಸಾಲ ಇನ್ನೂ ತೀರಿಲ್ಲ.