ಮೇಲೆ ಬಾರದ ಕಲ್ಲು

"ಅಮ್ಮಾ, ಕಲ್ಲಜ್ಜಿ ಪೆಟ್ಟಿಗೇಲಿ ಎಲ್ಲಾ ಕಲ್ಲೇ ಇದೆ. ಮಧ್ಯದಲ್ಲಿ ಒಂದೇ ಒಂದು ಮರದ ತುಂಡು ಯಾಕಿದೆ?"

ಮಗಳು ಇದನ್ನು ಕೇಳಿದಾಗ ನಾನು ಅವಳ ತಲೆ ಬಾಚುತ್ತಿದ್ದೆ. "ಏನೋ ಇಟ್ಕೊಂಡಿರ್ತಾರೆ, ನಿನಗ್ಯಾಕೆ? ತಲೆ ಅಲ್ಲಾಡಿಸಬೇಡ" ಎಂದು ಜಡೆ ಮುಗಿಸಿದೆ. ಮಕ್ಕಳ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹೀಗೇ ಬಾಚಣಿಗೆಯ ಹಲ್ಲಿಗೆ ಸಿಕ್ಕ ಕೂದಲಿನ ಜೊತೆ ಕಸದ ಬುಟ್ಟಿಗೆ ಹೋಗುತ್ತವೆ. ಇದು ಹೋಗಲಿಲ್ಲ.

ಕಲ್ಲಜ್ಜಿ ನಮ್ಮ ಎದುರು ಮನೆಯವರು. ಅವರ ಬಾಗಿಲಿಗೂ ನಮ್ಮ ಬಾಗಿಲಿಗೂ ನಡುವೆ ಮೆಟ್ಟಿಲು ಬಂದು ನಿಲ್ಲುವಷ್ಟೇ ಜಾಗ. ಹೆಸರಿಟ್ಟವಳು ನನ್ನ ಮಗಳು. ಅಜ್ಜಿ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕತ್ತರಿಸಿದ ಬಿಳಿ ಕೂದಲು, ಯಾವಾಗಲೂ ಕ್ಯಾನ್‌ವಾಸ್ ಶೂ, ಕುತ್ತಿಗೆಯಲ್ಲಿ ದಾರ ಕಟ್ಟಿದ ಪುಟ್ಟ ಭೂತಗನ್ನಡಿ. ಬೀದಿಯಲ್ಲಿ ಹೋಗುವಾಗ ಎದುರು ಬಂದ ಮನುಷ್ಯರನ್ನು ನೋಡುವುದಿಲ್ಲ, ಅವರ ಹಿಂದಿನ ಗೋಡೆಯನ್ನು ನೋಡುತ್ತಾರೆ. ಜಂಬ ಎಂದುಕೊಂಡವರೇ ಹೆಚ್ಚು. ಆಮೇಲೆ ನನಗೆ ಗೊತ್ತಾಯಿತು, ಅವರು ಬಿರುಕು ಹುಡುಕುತ್ತಿದ್ದರು.

ಇಲಾಖೆಗೆ ಸೇರಿದಾಗ ಕೊರೆಯುವ ಯಂತ್ರದ ಜೊತೆ ಕಾಡಿಗೆ, ಗುಡ್ಡಕ್ಕೆ ಹೋಗುವ ಹೆಂಗಸು ಅವರೊಬ್ಬರೇ ಆಗಿದ್ದರಂತೆ. ಕೆಲಸಗಾರರು 'ಸುತ್ತಿಗೆ ಮೇಡಂ' ಎನ್ನುತ್ತಿದ್ದರು. "ಡೇರೆಯಲ್ಲಿ ಮಲಗೋಕೆ ಭಯ ಆಗ್ತಿರಲಿಲ್ವಾ ಆಂಟಿ?" ಎಂದು ಒಮ್ಮೆ ಕೇಳಿದ್ದೆ. "ಹಾವಿಗೆ ನನ್ನ ಕಂಡ್ರೆ ಭಯ ಇತ್ತು. ನನಗೆ ಸಂಬಳದ ಗುಮಾಸ್ತನ್ನ ಕಂಡ್ರೆ" ಎಂದು ನಕ್ಕಿದ್ದರು. ನಗುವುದು ಅಪರೂಪ. ನಕ್ಕ ಮರುಕ್ಷಣವೇ ಏನೋ ಮರೆತವರಂತೆ ಕಿಟಕಿಯ ಕಡೆ ತಿರುಗುವರು.

ನಾವು ಈ ಮನೆಗೆ ಬಂದ ವಾರ ಸಕ್ಕರೆ ಕೇಳಲು ಅವರ ಬಾಗಿಲು ತಟ್ಟಿದ್ದೆ. ಮಗಳ ತಮ್ಮ, ನಮ್ಮ ಚಿಕ್ಕವನು, ನನ್ನ ಸೊಂಟದ ಮೇಲಿದ್ದ. ಬಾಗಿಲು ತೆರೆದವರು ನಮ್ಮಿಬ್ಬರನ್ನೂ ನೋಡಿದರು. ಅವರ ಮುಖದ ಬಣ್ಣವೇ ಇಳಿದುಹೋಯಿತು. "ಮಗೂನ ಕೆಳಗಿಳಿಸಿ ಮಾತಾಡಮ್ಮ" ಎಂದರು. ಸಕ್ಕರೆ ಕೊಟ್ಟರು, ಬಟ್ಟಲು ತುಂಬ ಕೊಟ್ಟರು, ಆದರೆ ನನ್ನ ಕಡೆ ಮತ್ತೆ ನೋಡಲಿಲ್ಲ. "ಕಲ್ಲು ಸವರಿ ಸವರಿ ಮನಸ್ಸೂ ಹಾಗೇ ಆಗಿದೆ ಬಿಡು" ಎಂದರು ನನ್ನ ಗಂಡ. ಅದು ಸುಳ್ಳೆಂದು ಮಗಳೇ ತೋರಿಸಿಕೊಟ್ಟಳು. ಸಂಜೆಯಾದರೆ ಅಲ್ಲೇ ಠಿಕಾಣಿ. ಭೂತಗನ್ನಡಿಯಲ್ಲಿ ಕಲ್ಲಿನೊಳಗಿನ ಹೊಳಪು ನೋಡುವುದು, ನೆಲದ ಮೇಲೆ ಕಲ್ಲುಗಳನ್ನು ಸಾಲಾಗಿಡುವುದು. ಅಲ್ಲಿಂದ ಬಂದು ಸುದ್ದಿ ಹೇಳುವಳು: "ಮಳೆ ಬಂದ್ರೆ ಕಲ್ಲಜ್ಜಿ ಮಾತೇ ಆಡಲ್ಲ ಅಮ್ಮಾ. ಗೋಡೆ ಮೇಲೆ ಕೈ ಇಟ್ಕೊಂಡು ನಿಂತಿರ್ತಾಳೆ. ಗೋಡೆಗೆ ಜ್ವರ ಬಂದಿದ್ಯಾ ಅಂತ ನೋಡ್ತಾಳೆ."

ಆ ಪೆಟ್ಟಿಗೆಯನ್ನು ನಾನೂ ನೋಡಿದ್ದೆ. ಉದ್ದನೆಯ ಮರದ ಪೆಟ್ಟಿಗೆ, ಒಳಗೆ ಕಾಲುವೆಗಳಂತೆ ಸಾಲುಗಳು. ನೆಲ ಕೊರೆದು ತೆಗೆದ ಕಲ್ಲು ಲಟ್ಟಣಿಗೆಯ ಹಾಗೆ ದುಂಡಗೆ, ತುದಿಗೆ ತುದಿ ಸೇರಿಸಿ ಮಲಗಿಸಿದ್ದು. ಒಂದು ಸಾಲಿನ ನಡುವೆ ಅಂಗೈಯಷ್ಟು ಉದ್ದದ ಮರದ ತುಂಡು. ಧೂಳು ಒರೆಸುವಾಗ ಅವರು ಕಲ್ಲುಗಳನ್ನೆಲ್ಲ ಎತ್ತಿ ಒರೆಸುವರು, ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಈಗ ಹೇಳಬೇಕಾದ್ದು ಶಾಲೆಯ ವಿಷಯ.

ಮಗಳ ಪುಟ್ಟ ಶಾಲೆ ನಮ್ಮ ಬೀದಿಯ ಕೊನೆಯಲ್ಲಿದೆ. ಗುಡ್ಡದ ಬುಡವನ್ನು ಕಡಿದು, ಮಣ್ಣು ಜಾರದಂತೆ ಎತ್ತರದ ಗೋಡೆ ಕಟ್ಟಿ, ಅದಕ್ಕೆ ಒತ್ತಿಕೊಂಡೇ ಹಿಂದಿನ ತರಗತಿ ಕಟ್ಟಿದ್ದಾರೆ. ಒಂದು ಸಂಜೆ ಮಗಳನ್ನು ಕರೆದು ತರಲು ಎದುರು ಮನೆಗೆ ಹೋದಾಗ ಅವಳು ಗಿಣಿಯಂತೆ ವರದಿ ಒಪ್ಪಿಸುತ್ತಿದ್ದಳು: "ನಮ್ಮ ಕ್ಲಾಸ್ ಬಾಗಿಲು ಹಾಕೋಕೇ ಬರಲ್ಲ ಅಜ್ಜಿ. ಮಿಸ್ಸು ಕಾಲಲ್ಲಿ ಒದ್ದು ಹಾಕ್ತಾರೆ. ನಾವು ಒದ್ರೆ ಮಾತ್ರ ಬೈತಾರೆ."

ಕಲ್ಲಜ್ಜಿ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟರು. "ಮೊದಲಿಂದಾನೂ ಹಾಗೇನಾ?"

"ಇಲ್ಲ. ಹೂವಿನ ಗೋಡೆ ಮಾಡಿದ ಮೇಲೆ."

ಮರುದಿನ ಮಗಳನ್ನು ಕರೆತರಲು ನಾನು ಹೊರಟಾಗ ಅವರೂ ಶೂ ಬಿಗಿದುಕೊಂಡು ನಿಂತಿದ್ದರು. ಶಾಲೆ ನಡೆಸುವವರನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತೇವೆ. ಕೆಟ್ಟವರಲ್ಲ, ಮಕ್ಕಳ ಮೂಗು ತಾವೇ ಒರೆಸುವವರು. ನೆರೆಯವರು ಭೂವಿಜ್ಞಾನಿ ಎಂದು ನಾನು ಪರಿಚಯಿಸಿದ ಕೂಡಲೇ ಸಂಭ್ರಮದಿಂದ ಹಿಂದಕ್ಕೆ ಕರೆದುಕೊಂಡು ಹೋದರು.

"ನೋಡಿ ಮೇಡಂ, ಮೊದಲು ಈ ಗೋಡೆ ತುಂಬ ತೂತು. ನೀರು ಸೋರಿ ಸೋರಿ ಪಾಚಿ, ಸೊಳ್ಳೆ, ಒಂದಲ್ಲ ಎರಡಲ್ಲ. ಎಲ್ಲಾ ಸಿಮೆಂಟ್ ತುಂಬಿಸಿ ಮುಚ್ಚಿಸಿಬಿಟ್ಟೆ. ಈಗ ಒಂದು ಹನಿ ತೋರಿಸಿ ನೋಡೋಣ!"

ಗೋಡೆ ಸುಂದರವಾಗಿತ್ತು. ಮುಚ್ಚಿದ ಪ್ರತಿಯೊಂದು ತೂತಿನ ಸುತ್ತಲೂ ಎಸಳು ಬರೆದು ಹೂವು ಮಾಡಿದ್ದರು. ಹಳದಿ, ಕೆಂಪು, ನೀಲಿ ಹೂಗಳು ಸಾಲುಸಾಲಾಗಿ ನಗುತ್ತಿದ್ದವು. ಕಲ್ಲಜ್ಜಿ ಒಂದು ಹೂವಿನ ನಡುವೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಆ ನೀರು ಈಗ ಎಲ್ಲಿಗೆ ಹೋಗ್ತಿದೆ?"

"ಎಲ್ಲಿಗೋ ಹೋಗುತ್ತೆ ಬಿಡಿ ಮೇಡಂ, ನಮ್ಮ ಕಡೆ ಬರದಿದ್ರೆ ಸಾಕು."

"ಒಮ್ಮೆ ಪರಿಶೀಲನೆ ಮಾಡಿಸೋದು ಸೂಕ್ತ ಅನ್ಸುತ್ತೆ" ಎಂದರು ಕಲ್ಲಜ್ಜಿ. ಎಷ್ಟು ಮೆತ್ತಗೆ ಎಂದರೆ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಆಗಲಿ ಮೇಡಂ, ರಜೆ ಬರಲಿ."

ದಾರಿಯಲ್ಲಿ ಮಗಳು ಮುಂದೆ ಕುಣಿಯುತ್ತ ಹೋಗುವಾಗ ಕೇಳಿದೆ. "ಅಪಾಯ ಇದೆಯಾ ಆಂಟಿ?"

"ಖಚಿತವಾಗಿ ಹೇಳೋಕಾಗಲ್ಲ. ಸಾಧ್ಯತೆಯನ್ನ ತಳ್ಳಿಹಾಕೋಕೂ ಆಗಲ್ಲ."

ನನಗೆ ರೇಗಿತು. "ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ನಿಮ್ಮ ಮೊಮ್ಮಗಳೇ ಆಗಿದ್ರೆ ನಾಳೆ ಆ ರೂಮಿಗೆ ಕಳಿಸ್ತಿದ್ರಾ?"

ಅವರು ಬಗ್ಗಿ, ಬಿಚ್ಚದೇ ಇದ್ದ ಶೂ ದಾರವನ್ನು ಮತ್ತೆ ಕಟ್ಟತೊಡಗಿದರು.

ಮಗಳಿಗೆ ಶೀತ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿಸಿಕೊಂಡೆ. ಮಳೆ ಹಿಡಿದುಕೊಂಡಿತ್ತು. "ಎದುರು ಮನೆಯವರ ಮಾತು ಕೇಳಿ ಶಾಲೆ ಬಿಡಿಸ್ತೀಯಾ?" ಎಂದು ಗಂಡ ಕೇಳಿದರು. "ಅವರು ಏನೂ ಹೇಳಲಿಲ್ಲ. ಅದಕ್ಕೇ ಭಯ" ಎಂದೆ. ಗಂಡ ಮಗಳ ಬ್ಯಾಗನ್ನು ತಾವೇ ಮೊಳೆಗೆ ತೂಗುಹಾಕಿದರು.

ಎರಡನೆಯ ದಿನ ಅಂಗಡಿಯ ಮುಂದೆ ಮಗಳ ಗೆಳತಿಯ ತಾಯಿ ಸಿಕ್ಕಳು. "ಶೀತ ಅಂತೆ? ಸುಳ್ಳು ಯಾಕ್ರೀ ಹೇಳ್ತೀರಾ, ನಿನ್ನೆ ಕಿಟಕೀಲಿ ನಿಂತು ಹಾಡ್ತಿದ್ಲು!" ಎಂದು ನಕ್ಕಳು. ನಾನು ಬಾಗಿಲಿನ, ಗೋಡೆಯ ಮಾತೆತ್ತಿದೆ. ಅವಳು ಕೈ ಬೀಸಿಬಿಟ್ಟಳು. "ಅಯ್ಯೋ, ನಮಗೂ ಅನುಮಾನ ಇತ್ತು. ಈಗ ನಿಶ್ಚಿಂತೆ. ಭೂವಿಜ್ಞಾನಿ ಮೇಡಮ್ಮೇ ಬಂದು ಗೋಡೆ ಮುಟ್ಟಿ ನೋಡಿ ಹೋದ್ರಂತಲ್ಲ? ದೊಡ್ಡ ಮಿಸ್ ಎಲ್ಲರಿಗೂ ಹೇಳ್ತಿದ್ದಾರೆ. ನಾಳೆ ಬೆಳಿಗ್ಗೆ ಪೋಷಕರ ಸಭೇಲೂ ಹೇಳ್ತಾರಂತೆ. ಅವರೇ ನೋಡಿದ ಮೇಲೆ ಇನ್ನೇನ್ರೀ?"

ಚಿಕ್ಕವನನ್ನು ಸೊಂಟದ ಮೇಲಿಟ್ಟುಕೊಂಡೇ ಮೆಟ್ಟಿಲು ಹತ್ತಿ ಎದುರು ಮನೆಯ ಬಾಗಿಲು ತಟ್ಟಿದೆ. ಕೆಳಗಿಳಿಸಬೇಕೆಂಬುದು ನೆನಪಾಗಲಿಲ್ಲ. ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಏನಂದ್ರು? ಇನ್ನೊಂದು ಸಲ ಹೇಳು."

"ಅವರೇ ನೋಡಿದ ಮೇಲೆ ಇನ್ನೇನು ಅಂದ್ರು."

ಅವರು ಗೋಡೆ ಹಿಡಿದುಕೊಂಡು ನಿಧಾನವಾಗಿ ಕುರ್ಚಿಯಲ್ಲಿ ಕುಳಿತರು. ಈ ಸಲ ಮಗುವನ್ನು ಇಳಿಸು ಎನ್ನಲಿಲ್ಲ. ನಮ್ಮಿಬ್ಬರನ್ನೂ ನೋಡುತ್ತಲೇ ಇದ್ದರು, ನಮ್ಮ ಜಾಗದಲ್ಲಿ ಬೇರೆ ಯಾರೋ ನಿಂತಿರುವ ಹಾಗೆ. ಆಮೇಲೆ ಎದ್ದು ಹೋಗಿ, ಪೆಟ್ಟಿಗೆಯಿಂದ ಆ ಮರದ ತುಂಡನ್ನು ಎತ್ತಿ ತಂದು ನನ್ನ ಕೈಯಲ್ಲಿಟ್ಟರು.

"ಕೊರೆದಾಗ ಎಲ್ಲಾ ಕಲ್ಲೂ ಮೇಲೆ ಬರಲ್ಲ ಕಣಮ್ಮ. ಮೆತ್ತಗಿರೋದು ಯಂತ್ರದ ನೀರಲ್ಲಿ ಕರಗಿ ಹೋಗುತ್ತೆ. ಬಾರದ ಜಾಗದಲ್ಲಿ ಅಷ್ಟೇ ಉದ್ದದ ಮರದ ತುಂಡು ಇಡ್ತೀವಿ. ಇಲ್ಲಿ ಏನೋ ಇತ್ತು, ಸಿಗಲಿಲ್ಲ ಅಂತ."

ವರ್ಷಗಳ ಹಿಂದೆ ಬೇರೊಂದು ಊರಿನ ಗುಡ್ಡದ ಮೇಲೆ ರಸ್ತೆ ಹಾಕಬಹುದೇ ಎಂದು ನೋಡಿ ಬರಲು ಇಲಾಖೆ ಅವರನ್ನು ಕಳಿಸಿತ್ತಂತೆ. ಗುಡ್ಡದ ಕೆಳಗೆ ಕೆಲವು ಸಂಸಾರಗಳು ಮನೆ ಕಟ್ಟಿಕೊಳ್ಳಲು ಜಾಗ ಗುರುತು ಹಾಕಿಕೊಂಡಿದ್ದವು. ಅವರಲ್ಲೊಬ್ಬಳು ದಿನವೂ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಟೀ ಹಿಡಿದು ಮೇಲೆ ಹತ್ತಿ ಬರುತ್ತಿದ್ದಳು. ಒಂದು ದಿನ ಕೊಳವೆ ಮೇಲೆತ್ತಿದಾಗ ಗಟ್ಟಿ ಕಲ್ಲಿನ ನಡುವೆ ಈ ತುಂಡಿನಷ್ಟು ಭಾಗ ಖಾಲಿ. ಹೊರಬಂದ ನೀರು ಸೋಪಿನ ನೀರಿನಂತೆ ಜಾರುತ್ತಿತ್ತು.

"ಒಳಗೆ ಜಾರೋ ಮಣ್ಣಿದೆ ಅಂತ ನನಗೆ ಗೊತ್ತಾಯ್ತು. ಆದ್ರೆ ಕೈಯಲ್ಲಿ ಹಿಡಿಯೋಕೆ ಏನೂ ಇರಲಿಲ್ಲ. ತುಂಡು ಇಟ್ಟೆ. ವರದೀಲಿ 'ದುರ್ಬಲ ಪದರದ ಸಾಧ್ಯತೆ, ಹೆಚ್ಚಿನ ಪರಿಶೀಲನೆ ಅಪೇಕ್ಷಣೀಯ' ಅಂತ ಬರೆದೆ. ಬರೆದದ್ದು ಸರೀನೇ ಇತ್ತು. ಅವತ್ತೇ ಆ ಹುಡುಗಿ ಟೀ ತಂದ್ಲು. 'ಮೇಡಂ, ನಾವು ಇಲ್ಲಿ ಇರಬಹುದಾ?' ಅಂತ ಕೇಳಿದ್ಲು. ಎಷ್ಟು ಸಣ್ಣ ಪ್ರಶ್ನೆ!"

"ನೀವೇನಂದ್ರಿ?"

"ವರದಿ ಆಫೀಸಿಗೆ ಹೋಗುತ್ತೆ, ಅವರು ತಿಳಿಸ್ತಾರೆ ಅಂದೆ. ನನ್ನನ್ನ ಕೇಳಿದ್ದು ರಸ್ತೆ ವಿಷಯ, ಮನೆ ವಿಷಯ ಅಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಅವಳು ಟೀ ಲೋಟ ತಗೊಂಡು ಇಳಿದು ಹೋದ್ಲು."

ರಸ್ತೆಯ ಯೋಚನೆ ಬಿಟ್ಟರಂತೆ. ಮನೆಗಳ ಬಗ್ಗೆ ಯಾರೂ ಯಾರಿಗೂ ಏನೂ ತಿಳಿಸಲಿಲ್ಲ. ಕೆಲವು ಮಳೆಗಾಲಗಳು ಸುಮ್ಮನೆ ಹೋದವು. ಆಮೇಲೊಂದು ಸುಮ್ಮನೆ ಹೋಗಲಿಲ್ಲ. ಗುಡ್ಡ ಜಾರಿದ ಮೇಲೆ ಇಲಾಖೆ ಮತ್ತೆ ಇವರನ್ನೇ ಕಳಿಸಿತು. ಮಣ್ಣಿನ ರಾಶಿಯ ಪಕ್ಕ ಅವಳ ಗಂಡ ಕುಳಿತಿದ್ದ. ಇವರ ಗುರುತು ಹಿಡಿದ.

"ಬೈಯಲಿಲ್ಲ ಕಣಮ್ಮ. ಬೈದಿದ್ರೆ ಚೆನ್ನಾಗಿತ್ತು. 'ನೀವೇ ಬಂದು ನೋಡಿ ಹೋದ ಮೇಲೆ ಇನ್ನೇನು ಅಂತ ಅವಳೇ ಧೈರ್ಯ ಹೇಳಿ ಕಟ್ಟಿಸಿದ್ಲು ಮೇಡಂ' ಅಂದ. ನಾನು ಏನೂ ಹೇಳದೇ ಹೋಗಿದ್ನಲ್ಲ, ಅದನ್ನೇ ಅವಳು ಉತ್ತರ ಅನ್ಕೊಂಡಿದ್ಲು. ಮಗು..." ಎಂದು ನಿಲ್ಲಿಸಿ ಚಿಕ್ಕವನ ಪಾದವನ್ನು ನೋಡಿದರು. ಅವನು ಕಾಲಾಡಿಸುತ್ತ ಮರದ ತುಂಡಿಗೆ ಕೈ ಚಾಚುತ್ತಿದ್ದ.

ಅದನ್ನು ಅವನಿಗೆ ಸಿಗದಂತೆ ಮೇಜಿನ ಮೇಲಿಟ್ಟೆ. ಅಡುಗೆಮನೆಗೆ ಹೋಗಿ ನೀರು ತಂದುಕೊಟ್ಟೆ. ನನ್ನ ಬುದ್ಧಿ ಕಷ್ಟ ಬಂದಾಗ ಕೆಲಸದ ಕಡೆಗೇ ಓಡುತ್ತದೆ. "ಈಗ ಏನು ಮಾಡೋಣ ಹೇಳಿ" ಎಂದೆ.

ಅವರು ಅಲ್ಲೇ ದೊಡ್ಡ ಮಿಸ್‌ಗೆ ಫೋನು ಹಚ್ಚಿದರು. ಸಿಕ್ಕಿಬಿದ್ದ ನೀರು ಹಿಂದಿನಿಂದ ಗೋಡೆಯನ್ನು ತಳ್ಳುತ್ತಿರಬಹುದು, ಬಾಗಿಲು ಹಾಕಲು ಬಾರದ್ದೂ ಅದಕ್ಕೇ ಇರಬಹುದು ಎಂದರು. ತೂತುಗಳನ್ನು ಮತ್ತೆ ತೆರೆಸಿ, ಯಾರಾದರೂ ಗುಡ್ಡ ನೋಡುವ ತನಕ ಹಿಂದಿನ ಕೋಣೆ ಮುಚ್ಚಿ ಎಂದರು. ಆ ಕಡೆಯ ಉತ್ತರ ನನಗೂ ಕೇಳಿಸಿತು. "ಮೇಡಂ, ಅವತ್ತು ಹೀಗೆ ಹೇಳಲೇ ಇಲ್ವಲ್ಲ? ಎಲ್ಲರಿಗೂ ನಿಮ್ಮ ಹೆಸರು ಹೇಳಿಬಿಟ್ಟಿದ್ದೀನಿ. ನಾಳೆ ಸಭೆಗೆ ಬನ್ನಿ, ನೀವೇ ಹೇಳಿ. ನಾನು ಹೇಳಿದ್ರೆ ಮಕ್ಕಳನ್ನೆಲ್ಲ ಬಿಡಿಸ್ಕೊಂಡು ಹೋಗ್ತಾರೆ." ಆ ದನಿಯಲ್ಲೂ ಹೆದರಿಕೆ ಇತ್ತು. ಕಲ್ಲಜ್ಜಿ ತಮ್ಮ ಹಳೆಯ ಆಫೀಸಿಗೂ ಫೋನು ಮಾಡಿದರು. ಮನವಿ ಬರೆದು ಕಳಿಸಿ ಎಂದರಂತೆ.

ಹೊರಗೆ ಮಳೆ ಜೋರಾಯಿತು. ಅವರ ಕೈ ತಾನಾಗಿ ಗೋಡೆಯ ಕಡೆ ಹೋಯಿತು, ನಂತರ ಹಿಂದಕ್ಕೆ ಬಂತು.

"ಒಂದು ವೇಳೆ ಏನೂ ಆಗದಿದ್ರೆ?" ಎಂದೆ. "ಎಲ್ಲರೂ ನಗ್ತಾರೆ."

"ನಗಲಿ. ಗೊತ್ತಿರೋದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಎರಡನ್ನೂ ಹೇಳ್ತೀನಿ. ಗೊತ್ತಿಲ್ಲದ ಜಾಗದಲ್ಲಿ ಮರದ ತುಂಡು ಇಡಬಹುದು. ಮಕ್ಕಳನ್ನ ಕೂರಿಸಬಾರದು." ಆಮೇಲೆ ಮೊದಲಿಗಿಂತ ಸಣ್ಣ ದನಿಯಲ್ಲಿ ಹೇಳಿದರು: "ಆದ್ರೆ ನನ್ನ ನಾಲಿಗೆ ಮೇಲೆ ನನಗೇ ನಂಬಿಕೆ ಇಲ್ಲ. ಜನರ ಎದುರು ನಿಂತರೆ ಅದು ವರದಿ ಓದೋಕೆ ಶುರು ಮಾಡುತ್ತೆ. ನೀನೊಂದು ಉಪಕಾರ ಮಾಡ್ತೀಯಾ?"

"ಹೇಳಿ ಆಂಟಿ."

"ನಾಳೆ ಮುಂದೆಯೇ ನಿಂತ್ಕೋ. ನನ್ನ ಕಣ್ಣಿಗೆ ಕಾಣೋ ಹಾಗೆ. ಇವನನ್ನ ಕೆಳಗಿಳಿಸಬೇಡ, ಸೊಂಟದ ಮೇಲೇ ಇರಲಿ. ನಾನು 'ಸಾಧ್ಯತೆ', 'ಪರಿಶೀಲನೆ' ಅಂತ ಬಾಯಿ ತೆರೆದ ಕೂಡಲೇ, ಎಲ್ಲರಿಗೂ ಕೇಳಿಸೋ ಹಾಗೆ ಕೇಳು, 'ಮೇಡಂ, ನಾವು ಇಲ್ಲಿ ಇರಬಹುದಾ?' ಅಂತ. ನಾನು ಉತ್ತರ ಹೇಳೋ ತನಕ ಕೇಳ್ತಾನೇ ಇರು."