ಎತ್ತಿಟ್ಟ ಸೇತುವೆ, ಕೆಂಪು ಗುಂಡಿ

ಗಂಗಾವತಿಯ ನಮ್ಮ ಮನೆಯಲ್ಲಿ ಮಹಡಿಯ ಕೋಣೆ ಮೊದಲು ಭತ್ತದ ಚೀಲಗಳದ್ದಾಗಿತ್ತು. ಈಗ ಅಲ್ಲಿ ರೈಲು ಓಡುತ್ತದೆ. ನನ್ನ ಮೈದುನ ರೈಲ್ವೆಯಲ್ಲಿ ಪಾಯಿಂಟ್‌ಮನ್ ಆಗಿದ್ದ. ಹಳಿ ಹೊರಳಿಸಿ ಗಾಡಿಗೆ ದಾರಿ ಮಾಡಿಕೊಡುವ ಕೆಲಸ. ನಿವೃತ್ತನಾಗಿ ಎರಡು ತಿಂಗಳು ಸುಮ್ಮನೆ ಕೂತ. ಮೂರನೆಯ ತಿಂಗಳು ನಾಲ್ಕೂ ಗೋಡೆಗುಂಟ ಎದೆಮಟ್ಟಕ್ಕೆ ಹಲಗೆ ಹೊಡೆದು ಅದರ ಮೇಲೆ ಸಣ್ಣ ಹಳಿ ಹಾಸಿಬಿಟ್ಟ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಮೂರು ಸ್ಟೇಷನ್ನು. ನನ್ನ ತವರು ಯಲಬುರ್ಗಾ ಎಲ್ಲಿ ಎಂದು ಕೇಳಿದೆ.

"ಹಲಗಿ ಸಾಲಲಿಲ್ಲ ವೈನಿ" ಎಂದ.

ಬಾಗಿಲಿನ ಎದುರಿಗೂ ಹಳಿ ಹಾಯ್ದಿತ್ತು. ಅಲ್ಲಿ ಮಾತ್ರ ಕೀಲು ಹಚ್ಚಿದ ತುಂಡು ಹಲಗೆ. ಎತ್ತಿದರೆ ಮನುಷ್ಯರು ಒಳಗೆ ಬರಬಹುದು, ಇಳಿಸಿದರೆ ರೈಲು ದಾಟಬಹುದು. ಅದಕ್ಕೆ ಮುನಿರಾಬಾದ್ ಸೇತುವೆ ಎಂದು ಹೆಸರಿಟ್ಟಿದ್ದ.

ಈ ರೈಲುಗಳ ರೀತಿಯೇ ಬೇರೆ. ಹಳಿಯಲ್ಲಿ ಯಾವಾಗಲೂ ಕರೆಂಟು ಇರುತ್ತದೆ. ಪ್ರತಿ ಇಂಜಿನಿನ ಹೊಟ್ಟೆಯಲ್ಲಿ ಒಂದು ಚಿಪ್, ಪ್ರತಿಯೊಂದಕ್ಕೂ ಒಂದು ನಂಬರು. ರಿಮೋಟಿನಲ್ಲಿ ಯಾವ ನಂಬರು ಹಾಕುತ್ತೇವೋ ಆ ಇಂಜಿನು ಮಾತ್ರ ಹೇಳಿದ್ದು ಕೇಳುತ್ತದೆ. ಉಳಿದವು ಮೊದಲು ಹೇಳಿದ್ದನ್ನೇ ಮಾಡುತ್ತ ಹೋಗುತ್ತವೆ. ಇಷ್ಟು ಮಾತು ಕೇಳುವವರು ನಮ್ಮ ಮನೆಯಲ್ಲಿ ಹಿಂದೆ ಯಾರೂ ಇರಲಿಲ್ಲ.

ನನ್ನ ಪಾಲಿಗೆ ಬಂದದ್ದು ಕರೆಂಟಿನ ಡಬ್ಬಿಯ ಮೇಲಿನ ಕೆಂಪು ಗುಂಡಿ. ಮೈದುನನ ಕಣ್ಣು ರಿಮೋಟಿನ ಮೇಲೆ, ನನ್ನ ಕಣ್ಣು ಗಾಡಿಗಳ ಮೇಲೆ. ಒಂದು ಸಲ ಒತ್ತಿದರೆ ಎಲ್ಲ ಇಂಜಿನುಗಳಿಗೂ ನಿಲ್ಲು ಎಂಬ ಹುಕುಂ ಹೋಗುತ್ತದೆ. ಎರಡನೆಯ ಸಲ ಒತ್ತಿದರೆ ಹಳಿಯ ಕರೆಂಟೇ ಹೋಗುತ್ತದೆ.

"ಮೊದಲೇ ಕರೆಂಟ್ ತಗದ್ರ ಮುಗೀತಲ್ಲ?" ಎಂದು ಕೇಳಿದ್ದೆ.

"ಕೆಲವು ಇಂಜಿನಿನ್ಯಾಗ ಕರೆಂಟ್ ಕೂಡಿಟ್ಟುಕೊಳ್ಳೋದು ಒಂದು ಐತಿ ವೈನಿ. ಹಳಿ ಹೊಲಸಿದ್ರೂ ನಿಲ್ಲಬಾರ್ದು ಅಂತ. ಪ್ಲಗ್ ಕಿತ್ತರೂ ಅದು ಮೊಳ ದೂರ ಹೋಗೇ ಹೋಗತೈತಿ. ಹುಕುಂ ಕೊಟ್ರ ಮಾತ್ರ ನಿಲ್ಲತೈತಿ."

ಒಂದು ಭಾನುವಾರ ಮುನಿರಾಬಾದಿನಿಂದ ಅವನ ಗೆಳೆಯ ಬಂದರು. ಇಂಜಿನ್ ಡ್ರೈವರ್ ಆಗಿ ನಿವೃತ್ತರಾದವರು. ಅವರು ಕೆಲಸ ಬಿಡುವ ದಿನ ಜೊತೆಗಾರರೆಲ್ಲ ಸೇರಿ ಗೇಣುದ್ದದ ಹಿತ್ತಾಳೆಯ ಉಗಿಬಂಡಿ ಇಂಜಿನು ಕೊಟ್ಟಿದ್ದರಂತೆ. ಇಷ್ಟು ವರ್ಷ ಅದು ಗಾಜಿನ ಕಪಾಟಿನಲ್ಲೇ ಇತ್ತು, ಒಂದು ಗಜವೂ ಓಡಿರಲಿಲ್ಲ. ಮೈದುನ ಅದನ್ನು ತರಿಸಿಕೊಂಡು ಒಳಗೆ ಚಿಪ್ಪನ್ನೂ ಕರೆಂಟು ಕೂಡಿಟ್ಟುಕೊಳ್ಳುವುದನ್ನೂ ಕೂರಿಸಿದ್ದ. ಆ ದಿನ ಅದು ಮೊದಲ ಸಲ ಓಡುವುದಿತ್ತು.

"ಬಿತ್ತಂದ್ರ ನನಗ ಇನ್ನೊಂದು ಸಿಗೂದಿಲ್ಲ. ಕೊಟ್ಟವರೊಳಗ ಅರ್ಧ ಮಂದಿ ಈಗಿಲ್ಲ" ಎಂದರು ಡ್ರೈವರ್, ಬಾಗಿಲಾಚೆ ನಿಂತು.

"ಜೀವಮಾನ ಪೂರ್ತಿ ನಾ ಹೊರಳಿಸಿದ ಹಳಿ ಮ್ಯಾಲೇ ಓಡೀದಿ. ಈಗ್ಯಾಕ ಅಂಜಿಕಿ?" ಎಂದ ಮೈದುನ.

"ಅವಾಗೂ ಅಂಜಿಕೊಂಡೇ ಓಡಿಸೀನಿ."

ಸೇತುವೆ ಇಳಿಸಿ ನಾನೂ ಮೈದುನನೂ ಒಳಗೆ ನಿಂತೆವು. ಒಂದು ಪ್ಯಾಸೆಂಜರ್, ಒಂದು ಗೂಡ್ಸ್, ಜೊತೆಗೆ ಹಿತ್ತಾಳೆ ಇಂಜಿನು. ಅದು ಕೊಪ್ಪಳ ಬಿಟ್ಟು ಸೇತುವೆ ದಾಟಿದಾಗ ಡ್ರೈವರ್ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ತಲೆ ಮೇಲೆತ್ತಿ ನೋಡಿದರು. ಎರಡನೆಯ ಸುತ್ತಿನಲ್ಲಿ ಗೂಡ್ಸ್ ಗಂಗಾವತಿಯಲ್ಲಿ ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಬಂತು. ಡಬ್ಬಿ ಟಿಕ್ ಎಂದಿತು, ಎರಡು ಗಾಡಿ ನಿಂತವು, ಹಿತ್ತಾಳೆ ಇಂಜಿನು ಮೊಳ ದೂರ ಹೋಗಿ ನಿಂತಿತು. ಎಲ್ಲೋ ಶಾರ್ಟ್ ಆಗಿ ಡಬ್ಬಿ ತಾನೇ ಕರೆಂಟು ಕಡಿದಿತ್ತು.

ಮೈದುನ ಕರೆಂಟು ಮತ್ತೆ ಬಿಡುವ ಹಸಿರು ಗುಂಡಿ ಒತ್ತಿದ. ಮತ್ತೆ ಟಿಕ್. ಇನ್ನೊಮ್ಮೆ ಒತ್ತಿದ. ಟಿಕ್.

"ತಡಿ, ನಾ ನೋಡ್ತೀನಿ" ಎಂದು ಡ್ರೈವರ್ ಸೇತುವೆ ಎತ್ತಿ ಒಳಗೆ ಬಂದರು. ಇಬ್ಬರೂ ಬಗ್ಗಿ ಪಾಯಿಂಟಿನ ಸಂದಿಗೆ ಟಾರ್ಚ್ ಬಿಟ್ಟರು. ಮೈದುನ ಚಿಮಟದಿಂದ ಏನನ್ನೋ ಹಿಡಿದೆಳೆದ. ಹೊಳೆಯುವ ದಾರದ ಎಳೆ.

"ವೈನಿ, ಇದು ಜರಿ ಅಲ್ಲೇನು?"

ಹೌದು, ಜರಿಯೇ. ನಮ್ಮ ಕಡೆ ಹರಿದ ಖಣದ ಕುಪ್ಪಸವನ್ನು ಯಾರೂ ಬಿಸಾಡುವುದಿಲ್ಲ. ಮೆತ್ತಗಿರುತ್ತದೆ, ದೇವರ ಸಾಮಾನು ಒರೆಸಲು ಒಳ್ಳೆಯದು. ಮುಂಜಾನೆ ನಾನು ಅದರಿಂದಲೇ ಹಳಿ ಒರೆಸಿದ್ದೆ. ಹಳೆಯ ಕಾಲದ ಖಣ, ಅಂಚಿನಲ್ಲಿ ಲೋಹದ ಜರಿ. ಅದರ ಎಳೆ ಎರಡೂ ಹಳಿಗೂ ತಾಗಿಕೊಂಡು ಕೂತಿತ್ತು.

"ನನ್ನ ತಪ್ಪು. ಮುಂದ ನಡೀಲಿ" ಎಂದೆ.

ಅವನು ನಗುತ್ತ ಹಸಿರು ಗುಂಡಿ ಒತ್ತಿದ. ಮೂರೂ ಗಾಡಿಗಳು ನಿಂತಲ್ಲಿಂದ ಮೊದಲಿನ ವೇಗದಲ್ಲೇ ಹೊರಟವು. ಡಬ್ಬಿಗೆ ಅದೊಂದು ನೆನಪು ಗಟ್ಟಿ: ಕರೆಂಟು ಹೋಗುವ ಮೊದಲು ಏನು ಹೇಳಿತ್ತೋ, ಕರೆಂಟು ಬಂದ ಮೇಲೂ ಅದನ್ನೇ ಹೇಳುತ್ತದೆ. ನಾನು ಬಾಗಿಲ ಕಡೆ ನೋಡಿದೆ. ಸೇತುವೆ ಎತ್ತಿದ್ದು ಎತ್ತಿದಂತೆಯೇ ನಿಂತಿತ್ತು. ಹಿತ್ತಾಳೆ ಇಂಜಿನು ಅಲ್ಲಿಗೇ ಹೊರಟಿತ್ತು. ಕೆಳಗೆ ಶಹಾಬಾದಿ ಕಲ್ಲಿನ ನೆಲ.

"ಸೇತುವಿ" ಎಂದೆ.

ಮೈದುನ ರಿಮೋಟಿನ ತಿರುಪನ್ನು ಸೊನ್ನೆಗೆ ತಿರುಗಿಸಿದ. ಅದರಲ್ಲಿ ಗೂಡ್ಸಿನ ನಂಬರು ಇತ್ತು, ಗೂಡ್ಸ್ ನಿಂತಿತು. ಡ್ರೈವರ್ ಗೋಡೆಯ ಪ್ಲಗ್ಗಿಗೆ ಕೈ ಚಾಚಿದರು. ನಾನು ಎಡಗೈಯಿಂದ ಅವರ ಮುಂಗೈಗೆ ಏಟು ಹಾಕಿ ಬಲಗೈಯಿಂದ ಕೆಂಪು ಗುಂಡಿ ಒತ್ತಿದೆ. ಒಂದೇ ಸಲ.

ಇಂಜಿನು ನಿಂತಿತು. ಮುಂದಿನ ಎರಡು ಸಣ್ಣ ಗಾಲಿಗಳು ಹಲಗೆ ದಾಟಿ ಗಾಳಿಯಲ್ಲಿದ್ದವು. ಡ್ರೈವರ್ ಎರಡೂ ಕೈಯಿಂದ ಅದನ್ನು ಹಿಂದಕ್ಕೆ ತೆಗೆದು ಟವೆಲಿನಲ್ಲಿ ಸುತ್ತಿದರು.

"ಸಾಕು. ಮನಿಗೆ ಒಯ್ತೀನಿ."

"ಸೇತುವಿ ಎತ್ತಿದವ್ರು ಯಾರು?" ಎಂದೆ.

ಅವರು ಬಾಗಿಲ ಕಡೆ ತಿರುಗಿ ನೋಡಿದರು.

"ಜರಿ ನಂದು, ಸೇತುವಿ ನಿಮ್ಮದು, ಹಸಿರು ಗುಂಡಿ ಇವಂದು. ಇಂಜಿನಿಂದೇನು ತಪ್ಪೈತ್ರಿ? ಇಡ್ರಿ ಅದನ್ನ ಹಳಿ ಮ್ಯಾಲೆ. ನೀವೇ ಹೊಡೀರಿ."

"ಅಕ್ಕಾರ ಕೈ ಭಾಳ ಬಿರುಸೈತಿ" ಎಂದು ಅವರು ಮುಂಗೈ ತಿಕ್ಕಿಕೊಂಡರು. ಆದರೂ ಟವೆಲು ಬಿಚ್ಚಿದರು.

ಈ ಸಲ ಸೇತುವೆ ಇಳಿಸಿದೆವು. ಮೈದುನ ಒಂದೊಂದೇ ನಂಬರು ಹಾಕಿ ಎಲ್ಲ ಗಾಡಿಗಳ ವೇಗ ಸೊನ್ನೆ ಮಾಡಿದ. ನಾನು ಮೂರೂ ಗಾಡಿಗಳನ್ನು ನೋಡಿ "ಹೂಂ" ಎಂದ ಮೇಲೆಯೇ ಹಸಿರು ಗುಂಡಿ ಒತ್ತಿದ. ಯಾವುದೂ ಅಲುಗಾಡಲಿಲ್ಲ. ಆಮೇಲೆ ರಿಮೋಟು ಡ್ರೈವರ್ ಕೈಗೆ ಹೋಯಿತು.

ಮೊದಲ ಸುತ್ತು ಇರುವೆ ನಡೆದ ಹಾಗೆ ಹೊಡೆದರು. ಎರಡನೆಯ ಸುತ್ತಿಗೆ ವೇಗ ಏರಿಸಿದರು, ಇಂಜಿನು ಸೇತುವೆಗೆ ಬಂದಾಗ ಮೂವರೂ ಉಸಿರು ಹಿಡಿದೆವು. ಇಂಜಿನು ಟಕಟಕ ಎಂದು ದಾಟಿತು. ನಾಲ್ಕನೆಯ ಸುತ್ತಿನಲ್ಲಿ ಅವರು ಕುಷ್ಟಗಿಯ ಪ್ಲಾಟ್‌ಫಾರ್ಮಿಗೆ ಕೂದಲೆಳೆ ಹೆಚ್ಚುಕಡಿಮೆ ಆಗದಂತೆ ತಂದು ನಿಲ್ಲಿಸಿದರು, ಮುಖವೆಲ್ಲ ಬೆವರು.

"ಇನ್ನೊಂದು ಸುತ್ತು ಹೊಡಿಲೇನ್ರಿ, ಅಕ್ಕಾರ?" ಎಂದು ನನ್ನನ್ನೇ ಕೇಳಿದರು.

ಕೆಳಗೆ ರೊಟ್ಟಿ ತಣ್ಣಗಾಗಿದ್ದವು. ನಾನು ಹೊಡೀರಿ ಎಂದೆ.