ಮಂಡಿ ಸವೆದ ಪ್ಯಾಂಟು

ನಮ್ಮ ದೊಡ್ಡಮ್ಮ ಆಸ್ಪತ್ರೆಯಲ್ಲಿ ನರ್ಸು. ಆಳು ನೋಡಿದರೆ ಗಾಳಿಗೆ ಹಾರಿಹೋಗುವಂತಿದ್ದಾರೆ. ಆದರೆ ವಾರ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಕ್ರೇನಮ್ಮ ಎಂದು. ಎಂಥ ಭಾರೀ ರೋಗಿಯನ್ನೂ ಮಂಚದಿಂದ ಕುರ್ಚಿಗೆ ದಾಟಿಸುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರ ಸೊಂಟ ಹಿಡಿದಿಲ್ಲ.

ಅವರ ಯೂನಿಫಾರ್ಮನ್ನು ಮೊದಲಿನಿಂದಲೂ ಹೊಲಿದವರು ನನ್ನ ತಾತ, ಅಂದರೆ ಅವರ ಅಪ್ಪ. ತಾತ ದರ್ಜಿ. ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿಯೇ ತೊಟ್ಟವರ ಕೆಲಸ ಹೇಳಬಲ್ಲವರು. ದೊಡ್ಡಮ್ಮನ ಪ್ಯಾಂಟು ಸವೆಯುತ್ತಿದ್ದದ್ದು ಮಂಡಿಯಲ್ಲಿ. ಅವರು ಸೊಂಟ ಬಗ್ಗಿಸುವುದಿಲ್ಲ, ಮಂಡಿ ಬಗ್ಗಿಸುತ್ತಾರೆ. ಹಾಗಾಗಿ ತಾತ ಅಲ್ಲಿಗೆ ಒಳಗಿನಿಂದ ಇನ್ನೊಂದು ಪದರ ಕೊಟ್ಟು ಹೊಲಿಯುತ್ತಿದ್ದರು. ಗೋದಾಮಿನಲ್ಲಿ ಮೂಟೆ ಹೊರುವ ನನ್ನ ಸೋದರಮಾವನ ಅಂಗಿಗಳೋ, ಬೆನ್ನಿನ ಹೊಲಿಗೆ ಬಿಟ್ಟುಕೊಂಡೇ ಮನೆಗೆ ಬರುತ್ತಿದ್ದವು.

ತಾತನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ಆಸರೆ ಕೊಟ್ಟರೆ ನಿಲ್ಲಬಲ್ಲರು, ದಿನವೂ ಎಬ್ಬಿಸಿ ಕೂರಿಸಿ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ಮಾವ ಆ ಕೆಲಸ ತನ್ನದೆಂದುಕೊಂಡ. ಕಂಕುಳಿಗೆ ಕೈ ಹಾಕಿ ಮೂಟೆಯಂತೆ ಎತ್ತಿದ. ನಾಲ್ಕು ದಿನದಲ್ಲಿ ತಾತನ ಎಡಭುಜ ಊದಿಕೊಂಡಿತು, ಮಾವನ ಸೊಂಟ ಹಿಡಿಯಿತು. ಒಮ್ಮೆ ಇಬ್ಬರೂ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಆಮೇಲೆ ತಾತ ಏಳುವುದೇ ಇಲ್ಲವೆಂದು ಹಟ ಹಿಡಿದರು. ಯಾರು ಹತ್ತಿರ ಹೋದರೂ ಬಲಗೈಯಿಂದ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತಿದ್ದರು.

ಸುದ್ದಿ ತಿಳಿದು ದೊಡ್ಡಮ್ಮ ಡ್ಯೂಟಿ ಮುಗಿಸಿದವರೇ ಯೂನಿಫಾರ್ಮಿನಲ್ಲೇ ಬಸ್ಸು ಹತ್ತಿ ಬಂದರು. ತಾತನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ನೋಡಿದರು. ಸೊಂಟದ ಕೆಳಗೆ ಚರ್ಮ ಕೆಂಪಾಗಿತ್ತು. ಹೀಗೇ ಮಲಗಿದ್ದರೆ ಅದು ಹುಣ್ಣಾಗುತ್ತದೆ, ಕಾಲು ನಿಲ್ಲುವುದನ್ನೇ ಮರೆಯುತ್ತದೆ ಎಂದು ಅಮ್ಮನಿಗೆ ಹೇಳಿದರು. ಮಲಗಿಸುವಾಗ ಸೋತ ಕೈಯ ಕೆಳಗೆ, ಮಂಡಿಗಳ ನಡುವೆ ದಿಂಬು ಇಡುವುದನ್ನು ತೋರಿಸಿದರು. ಮಂಚ ತೀರ ತಗ್ಗಾಗಿದೆಯೆಂದು ಅದರ ಕಾಲುಗಳ ಕೆಳಗೆ ಇಟ್ಟಿಗೆ ಇಡಿಸಿದರು. ಆಮೇಲೆ ತಾತನನ್ನು ಅಂಚಿಗೆ ಕೂರಿಸಿ, ಅವರ ಬಲಗಡೆಗೆ ಕುರ್ಚಿ ತಂದಿಟ್ಟರು.

ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಅಕ್ಕಾ, ನೀನು ಅಪ್ಪನ ಒಂದು ಕಾಲಿನಷ್ಟೂ ತೂಕ ಇಲ್ಲ. ನನ್ ಕೈಲೇ ಆಗ್ಲಿಲ್ಲ, ನೀನೇನ್ ಎತ್ತೀಯಾ?"

"ಎತ್ತೋರ್ಯಾರು? ಅಪ್ಪ ಏಳ್ತಾರೆ. ನಾನು ಜೊತೆಗಿರ್ತೀನಿ, ಅಷ್ಟೆ."

ತಾತನಿಗೆ ಹೆದರಿಕೆ ಹೋಗಿರಲಿಲ್ಲ. ಮುಂದೆ ಬಾಗಿ ಎಂದರೆ ಹಿಂದಕ್ಕೆ ವಾಲುತ್ತಿದ್ದರು. ದೊಡ್ಡಮ್ಮ ಎಳೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಪಾದಗಳನ್ನು ಅಗಲಿಸಿ ಒಂದನ್ನು ಮುಂದಿಟ್ಟು, ಬೆನ್ನು ನೆಟ್ಟಗಿಟ್ಟುಕೊಂಡೇ ಮಂಡಿ ಬಗ್ಗಿಸಿ ಎದುರಿಗೆ ನಿಂತರು. ತಮ್ಮ ಮಂಡಿಯನ್ನು ತಾತನ ಸೋತ ಮಂಡಿಗೆ ಆನಿಸಿದರು.

ತಾತನ ಕಣ್ಣು ಆ ಮಂಡಿಯ ಮೇಲೆ ಬಿತ್ತು.

"ಒಳಪದರಾನೂ ಸವೆಸಿದ್ದೀಯಲ್ಲೇ," ಎಂದರು. ನಾಲಿಗೆ ತೊದಲುತ್ತಿದ್ದರೂ ಗದರಿಕೆ ಮಾತ್ರ ಸ್ಪಷ್ಟವಾಗಿತ್ತು.

"ಎಷ್ಟು ಹೋಗಿದೆ, ನೋಡಿ ಹೇಳಪ್ಪ."

ನೋಡಲೆಂದು ತಾತ ಬಾಗಿದರು. ತಲೆ ಮುಂದೆ ಬಂತು, ಭಾರ ಪಾದಗಳ ಮೇಲೆ ಬಂತು.

"ಈಗ ಏಳೋಣ," ಎಂದ ದೊಡ್ಡಮ್ಮ ತಮ್ಮ ಭಾರವನ್ನು ಹಿಂದಿನ ಕಾಲಿಗೆ ಸರಿಸಿದರು. ಅವರೊಂದಿಗೇ ತಾತ ಎದ್ದರು. ನಿಂತು, ಪುಟ್ಟ ಹೆಜ್ಜೆಯಿಡುತ್ತ ತಿರುಗಿ, ಕುರ್ಚಿಯ ಕೈ ಹಿಡಿದು ತಾವೇ ಕೂತರು. ದೊಡ್ಡಮ್ಮನ ಉಸಿರು ಕೂಡ ಏರಿರಲಿಲ್ಲ. ಇವರು ನಮ್ಮ ದೊಡ್ಡಮ್ಮ ಎಂದು ಬೀದಿಗೆಲ್ಲ ಕೇಳುವಂತೆ ಹೇಳಬೇಕೆನಿಸಿತು.

ಬಿದ್ದರೂ ಮಾವನ ಮೀಸೆ ಮಣ್ಣಾಗಲಿಲ್ಲ. "ನಾನು ಎತ್ತಿ ಎತ್ತಿ ಸಡಿಲ ಮಾಡಿಟ್ಟಿದ್ದೆ, ಅದಕ್ಕೇ ಎದ್ರು," ಅಂದ.

ತಾತ ಆ ಕಡೆ ತಿರುಗಲೂ ಇಲ್ಲ. ಕಿಟಕಿ ಪಕ್ಕದ ಹೊಲಿಗೆ ಯಂತ್ರವನ್ನೇ ನೋಡುತ್ತ ದೊಡ್ಡಮ್ಮನಿಗೆ ಹೇಳಿದರು: "ನಾಳೆ ನನ್ನ ಅಲ್ಲಿ ಕೂರಿಸು. ನಿನ್ ಮಂಡಿಗೆ ದಪ್ಪ ಬಟ್ಟೆ ಹಾಕ್ಬೇಕು. ಬಟ್ಟೆ ನೀನು ಹಿಡ್ಕೋ, ನಾನು ತುಳೀತೀನಿ. ಅವನ ಅಂಗೀನೂ ತಾ, ಬೆನ್ನು ಬಿಟ್ಟಿರುತ್ತೆ."

ಮಾವ ಮೆಲ್ಲಗೆ ಗೋಡೆಗೆ ಬೆನ್ನು ಆನಿಸಿ ನಿಂತುಕೊಂಡ.